ನೆಲಕ್ಕೆ ಒರಳು ಹೂತ ಸೋಮವಾರ

ನಮ್ಮ ಮನೆಗೆ ಹಕ್ಕುಪತ್ರ ಬಂತು! ಮೊಹರು ಹಾಕಿ, ತಿ. ನರಸೀಪುರದಲ್ಲಿ ನೋಂದಣಿಯನ್ನೂ ಸರ್ಕಾರದವರೇ ಮಾಡಿಸಿ, ಈ ನನ್ನ ಎರಡು ಕೈಗೆ ಕೊಟ್ಟರು. ಮೊದಲು ನನ್ನ ಹೆಸರು, ಅದರ ಕೆಳಗೆ ನಮ್ಮ ಯಜಮಾನರ ಹೆಸರು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೂ ನನ್ನ ಹೆಸರು ಓದಿಕೊಳ್ಳುವುದಕ್ಕೆ ಯಾರ ಸಹಾಯವೂ ಬೇಕಿಲ್ಲ. ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ನಿಂತು ಏಳು ಸಲ ಓದಿದೆ. ಎಂಟನೇ ಸಲಕ್ಕೆ ಕಣ್ಣು ತುಂಬಿ ಅಕ್ಷರವೇ ಕಾಣಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಪತ್ರವನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, “ಅಜ್ಜಿ, ನೆನೆಸ್ಬುಟ್ಟೀಯ ಕಣಜ್ಜಿ” ಎಂದಳು. ಇದು ನಮಗೆ ಸಿಕ್ಕಿದ್ದೇ ಅವಳಿಂದ. ಹೇಗೆ ಎಂದು ಹೇಳುತ್ತೇನೆ. ಹೇಳದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನಮ್ಮ ಪಾಳ್ಯ ಎಲ್ಲಿದೆ ಎಂದು ಹೇಳುವುದೇ ಇಷ್ಟು ದಿನ ಒಂದು ಕಷ್ಟವಾಗಿತ್ತು. ಹೆಮ್ಮಿಗೆ ದಾಟಿ ನಾಲೆ ಏರಿ ಹಿಡಿದು ನಡೆದರೆ ಒಂದು ಹುಣಸೆಮರ ಸಿಗುತ್ತದೆ. ಅದರ ಎದುರು, ಏರಿಯ ಕೆಳಗೆ ಇಪ್ಪತ್ತಾರು ಮನೆ. ನಮ್ಮ ಮಾವನವರ ಕಾಲದಲ್ಲಿ ಗದ್ದೆ ಕೆಲಸಕ್ಕೆ ಬರುತ್ತಿದ್ದವರು, ದಿನಾ ಅಷ್ಟು ದೂರ ನಡೆಯಲಾರದೆ ಅಲ್ಲೇ ಗುಡಿಸಲು ಹಾಕಿಕೊಂಡರಂತೆ. ಗುಡಿಸಲು ಮಣ್ಣಿನ ಗೋಡೆಯಾಯಿತು, ಹೆಂಚಾಯಿತು, ಮಕ್ಕಳ ಮದುವೆಯಾಗಿ ಮೊಮ್ಮಕ್ಕಳು ಬಂದರು. ಸರ್ಕಾರದ ನಕ್ಷೆಯಲ್ಲಿ ಮಾತ್ರ ಅಲ್ಲಿ ಇನ್ನೂ ದನ ಮೇಯುವ ಬಯಲು. ಮನೆಗಳಿಗೆ ನಂಬರಿಲ್ಲ, ಪಾಳ್ಯಕ್ಕೆ ಕಾಗದದ ಮೇಲೆ ಹೆಸರೇ ಇಲ್ಲ. ರೇಷನ್ ಕಾರ್ಡು, ಓಟಿನ ಚೀಟಿ, ಆಧಾರು ಎಲ್ಲದರಲ್ಲೂ ದೊಡ್ಡ ಊರಿನ ಹೆಸರನ್ನೇ ಬರೆದುಬಿಟ್ಟಿದ್ದರು. ನಾವು ಇದ್ದೆವು, ಆದರೆ ಇದ್ದ ಜಾಗದಲ್ಲಿ ಇರಲಿಲ್ಲ.

ನಮ್ಮ ಯಜಮಾನರಿಗೆ ಅದೊಂದು ಭಯ ಯಾವತ್ತೂ ಹೋಗಲಿಲ್ಲ. ನನ್ನ ತವರು ಬಿಳಿಗೆರೆ ಕಡೆ. ನಾನು ಮದುವೆಯಾಗಿ ಬಂದ ವರ್ಷ ನಮ್ಮಪ್ಪ ಗಾಡಿಯಲ್ಲಿ ಒಂದು ಒರಳುಕಲ್ಲು ಹೇರಿ ಕಳಿಸಿದ್ದ. ಒಳ್ಳೆಯ ಕಪ್ಪು ಕಲ್ಲು. ಒರಳು ಎಂದರೆ ಅಡುಗೆಮನೆಯ ನೆಲಕ್ಕೆ ಹೂಳಬೇಕು, ಆಗಲೇ ಅದು ಅಲುಗಾಡದೆ ರುಬ್ಬುವುದಕ್ಕೆ ಬರುವುದು. ಯಜಮಾನರು ಹೂಳುವುದಕ್ಕೆ ಬಿಡಲಿಲ್ಲ.

“ಬ್ಯಾಡ ಕಣಮ್ಮಿ. ನಾಳೆ ಯಾರಾದ್ರೂ ಬಂದು ಏಳಿ ಅಂದ್ರೆ, ಹೂತಿರೋ ಕಲ್ನ ಕಿತ್ಕಂಡು ಎಲ್ಲಿಗೆ ಓಗದು?”

ನಾಳೆ ಎನ್ನುತ್ತಲೇ ನಲವತ್ತು ವರ್ಷ ಹೋಯಿತು. ಒರಳು ಹಿತ್ತಿಲ ಗೋಡೆಗೆ ಒರಗಿಕೊಂಡು ಬಿಸಿಲು ಮಳೆ ತಿಂದಿತು. ರುಬ್ಬಬೇಕಾದಾಗ ಸುತ್ತ ಗೋಣಿಚೀಲ ತುರುಕಿ, ಒಂದು ಕಾಲಲ್ಲಿ ಒತ್ತಿ ಹಿಡಿದು ರುಬ್ಬುತ್ತಿದ್ದೆ. ಕಾಲು ಸೋತಾಗಲೆಲ್ಲ ನಮ್ಮಪ್ಪನ ನೆನಪಾಗುತ್ತಿತ್ತು. ಅವನು ಒಂದು ಸಲ ಬಂದು ಕಲ್ಲು ಹೊರಗಿರುವುದನ್ನು ನೋಡಿದ, ಏನೂ ಕೇಳಲಿಲ್ಲ. ಅವನು ಕೇಳದೆ ಹೋದದ್ದು ಈಗಲೂ ನನ್ನ ಎದೆಯಲ್ಲಿದೆ.

ಹೀಗಿರುವಾಗ ಪಂಚಾಯಿತಿಯ ಆಟೋ ಮೈಕು ಕಟ್ಟಿಕೊಂಡು ಏರಿಯ ಮೇಲೆ ಬಂತು. ದಾಖಲೆಯಲ್ಲಿಲ್ಲದ ಇಂಥ ಪಾಳ್ಯಗಳನ್ನೆಲ್ಲ ಕಂದಾಯ ಗ್ರಾಮ ಮಾಡುತ್ತಾರಂತೆ, ಮನೆ ಕೆಳಗಿನ ಜಾಗವನ್ನು ಮನೆಯವರಿಗೇ ಬರೆದುಕೊಡುತ್ತಾರಂತೆ. ಶರತ್ತು ಒಂದೇ. ಸರ್ಕಾರ ಗೊತ್ತುಮಾಡಿದ ದಿನಕ್ಕಿಂತ ಮೊದಲಿನಿಂದ ಮನೆ ಅಲ್ಲಿರಬೇಕು, ಆಸೆಗೆ ಬಿದ್ದು ಈಗ ಕಟ್ಟಿಕೊಂಡವರಿಗೆ ಇಲ್ಲ. ಬರುವ ವಾರ ಮನೆ ಮನೆಗೆ ಬಂದು ನೋಡುತ್ತಾರೆ ಎಂದರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಸಂಭ್ರಮ. ನಮ್ಮ ಕಡೆ ಒಳ್ಳೆ ಕೆಲಸಕ್ಕೆ ಯಾರಾದರೂ ಮನೆಗೆ ಬರುತ್ತಾರೆಂದರೆ ಗೋಡೆ ಬಳಿಯದೆ ಇರುವುದಿಲ್ಲ. ಹೆಣ್ಣು ನೋಡಲು ಬಂದರೂ ಬಳಿಯುತ್ತೇವೆ, ಸೀಮಂತಕ್ಕೂ ಬಳಿಯುತ್ತೇವೆ. ಸರ್ಕಾರವೇ ಬಾಗಿಲಿಗೆ ಬರುವಾಗ ಬಿಡುವುದುಂಟೆ? ಮಗನಿಗೆ ಹೇಳಿ ಮುಂದಿನ ಗೋಡೆಗೆ ಸಿಮೆಂಟು ಸಾರಿಸಿದೆ. ಬಾಗಿಲ ಪಕ್ಕ ದೀಪ ಇಡುವ ಗೂಡೊಂದಿತ್ತು. ಕರೆಂಟು ಬಂದ ಮೇಲೆ ಅದರಲ್ಲಿ ದೀಪ ಇಟ್ಟದ್ದೇ ಕಡಿಮೆ, ಒಳಗೆಲ್ಲ ಮಸಿ ಹಿಡಿದು ಅಸಹ್ಯವಾಗಿತ್ತು. “ಅದನ್ನೂ ಮುಚ್ಲಾ” ಎಂದೆ. ಮಗ ಇಟ್ಟಿಗೆ ಚೂರು ತುಂಬಿ ಮುಚ್ಚಿದ. ಸೊಸೆ ಅಂಗಡಿಯಲ್ಲಿ ನಿಂತು ಆರಿಸಿ ಪಿಸ್ತಾ ಬಣ್ಣ ತಂದಳು. ಮೇಲೆ ಹೋದ ವರ್ಷವಷ್ಟೇ ಹೆಂಚು ಇಳಿಸಿ ಶೀಟು ಹಾಕಿಸಿದ್ದೆವು. ಬಣ್ಣ ಮುಗಿದ ಮೇಲೆ ಏರಿಯ ಮೇಲೆ ನಿಂತು ನೋಡಿದರೆ, ಇಪ್ಪತ್ತಾರು ಮನೆಯಲ್ಲಿ ನಮ್ಮದೇ ಮದುವಣಗಿತ್ತಿ.

ಗ್ರಾಮ ಆಡಳಿತಾಧಿಕಾರಿ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎಲ್ಲರೂ ಮೇಡಂ ಎನ್ನುತ್ತಾರೆ. ನಮ್ಮ ಪಕ್ಕದ ಮನೆಯವರು ಗೋಡೆಗೆ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ, ಇವತ್ತೋ ನಾಳೆಯೋ ಬೀಳುವ ಹಾಗಿದೆ. ಅದನ್ನು ಒಂದು ಫೋಟೋ ಹೊಡೆದು ಆಯ್ತು ಎಂದು ಬರೆದುಕೊಂಡರು. ನಮ್ಮ ಮನೆ ಮುಂದೆ ಬಂದು ನಿಂತರು. ಗೋಡೆ ಮುಟ್ಟಿದರು.

“ಅಜ್ಜಿ, ಸಿಮೆಂಟು ಇನ್ನೂ ಹಸಿಯಾಗಿದೆಯಲ್ಲ. ಇದು ಹೊಸ ಮನೆ.”

“ಇಲ್ಲ ಕಣವ್ವಾ, ನಲವತ್ತು ವರ್ಸದ ಮನೆ. ನೀನು ಬತ್ತೀಯ ಅಂತ ಬಳ್ದಿದ್ದು!”

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. “ಎಲ್ಲರೂ ಹಳೇದು ಅಂತಲೇ ಹೇಳ್ತಾರಜ್ಜಿ.”

ಅಕ್ಕಪಕ್ಕದವರು ಹೌದು ಹೌದು ಎಂದು ಕೂಗಿದರು. ಬೇರೆ ಕಡೆ ಹೀಗೇ ಒಬ್ಬರಿಗೊಬ್ಬರು ಸಾಕ್ಷಿ ಹೇಳಿ ಹೊಸ ಮನೆಗಳನ್ನು ಸೇರಿಸಿಬಿಟ್ಟಿದ್ದಾರೆ, ಬಾಯಿಮಾತು ಸಾಲದು ಎಂದರು ಮೇಡಂ. “ಈ ಮನೇಲಿ, ಇದೇ ಜಾಗದಲ್ಲಿ ನೀವು ಮೊದಲಿಂದ ಇದ್ರಿ ಅನ್ನೋಕೆ ಒಂದು ಸರ್ಕಾರಿ ಕಾಗದ ಕೊಡಿ. ಈ ತಿಂಗಳೊಳಗೆ ಕೊಟ್ರೆ ಸೇರಿಸ್ತೀನಿ. ಆಮೇಲೆ ಪಟ್ಟಿ ಮುಗಿದುಹೋಗತ್ತೆ.”

ಇಪ್ಪತ್ತೈದು ಮನೆ ಪಟ್ಟಿಗೆ ಸೇರಿತು. ನಮ್ಮದೊಂದು ನಿಂತಿತು. ಸೊಸೆ ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಯಜಮಾನರು ಹಿತ್ತಿಲ ಕಡೆ ನೋಡುತ್ತಾ, “ಒರಳು ಈಚೆಗೇ ಇದ್ದದ್ದು ವಳ್ಳೇದಾಯ್ತು ಬುಡು” ಎಂದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತನ್ನು ತಡೆಯಲಾಗಲಿಲ್ಲ. ಸಿಮೆಂಟು ಸಾರಿಸಿದವನು ಮಗ, ಬಣ್ಣ ತಂದವಳು ಸೊಸೆ, ಆದರೆ ಮಾಡಿ ಎಂದವಳು ನಾನೇ ತಾನೇ?

ಪೆಟ್ಟಿಗೆ ತೆಗೆದು ಇದ್ದಬದ್ದ ಕಾಗದವನ್ನೆಲ್ಲ ಚಾಪೆ ಮೇಲೆ ಸುರಿದೆವು. ಒಂದೊಂದನ್ನೂ ಮಗ ಓದಿದ. ಎಲ್ಲದರಲ್ಲೂ ದೊಡ್ಡ ಊರು, ಮಾವನವರ ಅಣ್ಣನ ಮನೆಯ ನಂಬರು. ಕರೆಂಟಿನ ಮೀಟರು ಬಂದದ್ದು ತೀರ ಈಚೆಗೆ, ಅದೂ ಲೆಕ್ಕಕ್ಕಿಲ್ಲ. ಹದಿನೈದು ದಿನ ಹೀಗೇ ಹೋಯಿತು. ನನಗೆ ಆ ಪಿಸ್ತಾ ಗೋಡೆ ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಮಗಳನ್ನು ನಂಜನಗೂಡಿಗೆ ಕೊಟ್ಟಿದ್ದೇವೆ. ಫೋನು ಮಾಡಿ ಅವಳ ಹತ್ತಿರ ಅಳುತ್ತಿದ್ದೆ. ಮೊಮ್ಮಗಳು ಅದನ್ನು ಕೇಳಿಸಿಕೊಂಡಳೋ ಏನೋ, ಅವ್ವನ ಕೈಯಿಂದ ಫೋನು ಕಿತ್ತುಕೊಂಡಳು. ಅವಳಿಗೆ ಹದಿನೇಳು ವರ್ಷ, ಪಿಯುಸಿ ಓದುತ್ತಾಳೆ.

“ಅಜ್ಜಿ, ನಾನು ಹುಟ್ಟಿದಾಗ ಎಲ್ಲಿದ್ದೆ?”

“ಇನ್ನೆಲ್ಲಿ ಮೊಗ, ಆಸ್ಪತ್ರೆಯಿಂದ ನೆಟ್ಟಗೆ ನಮ್ಮನೆಗೇ ತಾನೆ ತಂದಿದ್ದು. ಐದು ತಿಂಗ್ಳು ಬಾಣಂತನ ಮಾಡಿ ಕಳಿಸ್ದೆ.”

“ಹಂಗಾದ್ರೆ ನನ್ನ ತಾಯಿ ಕಾರ್ಡಲ್ಲಿ ಹುಣಸೆಮರ ಅಂತ ಬರ್ದಿದಾರಲ್ಲ, ಅದು ನಿಮ್ಮನೇನಾ?”

“ನಮ್ಮನೇನೇ ಮೊಗ. ಆ ಕಾರ್ಡು ತಕ್ಕಂಡು ನಾಳೆನೇ ಬಾ” ಎಂದೆ.

ಹೌದು, ಮೊದಲ ಹೆರಿಗೆ ತವರಲ್ಲೇ ಆಗಬೇಕು ಎನ್ನುವುದು ನಮ್ಮ ಪದ್ಧತಿ. ಮಗಳು ಬಸುರಿಯಾಗಿ ಬಂದಿದ್ದಾಗ ನಾಲೆ ಏರಿಯ ಮೇಲೆ ಒಬ್ಬ ನರ್ಸಮ್ಮ ಬರುತ್ತಿದ್ದಳು, ಹೆಗಲಿಗೆ ಲಸಿಕೆ ಡಬ್ಬ ತಗುಲಿಸಿಕೊಂಡು. ಮಗು ಹುಟ್ಟಿದ ಮೇಲೆ ಸೂಜಿಯ ಲೆಕ್ಕ ಬರೆಯುವ ತಾಯಿ ಕಾರ್ಡು ತುಂಬಿಸಲು ನಮ್ಮ ಜಗಲಿ ಮೇಲೆ ಕೂತಳು. ವಿಳಾಸ ಎಂದಳು. ನಾನು ಅಳಿಯನ ಮನೆಯದು ಹೇಳಿದೆ.

“ನಂಜನಗೂಡು ಅಂತ ಬರ್ಕೊ ಕಣವ್ವ. ಮೊಗ ಅವರ ಮನೇದು.”

“ಸೂಜಿ ಹಾಕೋಕೆ ನಂಜನಗೂಡಿಗೆ ಹೋಗ್ಲಾ ನಾನು? ಮಗು ಯಾವ ಮನೇಲಿ ಮಲಗಿದ್ಯೋ ಆ ಮನೆ ಬರೀತೀನಿ.”

“ಈ ಮನೆಗೆ ನಂಬರಿಲ್ಲ, ಊರಿಗೆ ಹೆಸ್ರಿಲ್ಲ. ಏನು ಬರ್ದೀಯ?”

“ನಂಬರಿಲ್ದೆ ಇದ್ರೆ ಏನಂತೆ, ಹುಣಸೆಮರ ಇಲ್ವಾ?”

ಎಂದವಳೇ ಗೀಚಿದಳು. ನನಗೆ ಕೆಂಡದಂಥ ಸಿಟ್ಟು ಬಂತು. ನಾಳೆ ಬೀಗರು ಕಾರ್ಡು ನೋಡಿದರೆ, ನಮ್ಮ ಮನೆ ಕೂಸಿಗೆ ಇವರ ಮನೆ ಬರೆಸಿದ್ದಾರಲ್ಲ ಎಂದುಕೊಳ್ಳುವುದಿಲ್ಲವೇ? ಬಂದಾಗಲೆಲ್ಲ ಅವಳಿಗೆ ಮಜ್ಜಿಗೆ ಕೊಡುತ್ತಿದ್ದೆ, ಅವತ್ತು ಕೊಡಲಿಲ್ಲ. ಆ ಉರಿಬಿಸಿಲಲ್ಲಿ ಹಾಗೇ ಎದ್ದು ಹೋದಳು. ಆದರೂ ಮುಂದಿನ ಸೂಜಿಗೆ ತಪ್ಪದೆ ಬಂದಳು, ನಾನು ಮುಖ ತಿರುಗಿಸಿದರೂ ಬಂದಳು.

ನೋಡಿ, ನಮ್ಮ ಹೆಸರಿಗೆ ಬಂದ ಕಾಗದ ಬರೆದವರೆಲ್ಲ ಕುರ್ಚಿ ಮೇಲೆ ಕೂತು ಬರೆದವರು. ಅವಳೊಬ್ಬಳು ನಡೆದು ಬಂದು ಬರೆದವಳು. ಮತ್ತೆ ನಡೆದು ಬರಬೇಕಾದವಳು, ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಂಡಳು.

ಮಾರನೆಯ ದಿನವೇ ಮಗಳು, ಮೊಮ್ಮಗಳು ಬಸ್ಸು ಹಿಡಿದು ಬಂದರು. ಕಾರ್ಡನ್ನು ಮಗಳು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಪ್ಲಾಸ್ಟಿಕ್ಕು ಸುತ್ತಿ ಇಟ್ಟಿದ್ದಳಂತೆ. ಮೊಮ್ಮಗಳಿಗೆ ಕಾಲೇಜು ಸೇರುವಾಗ ಯಾವುದೋ ಅರ್ಜಿಗೆ ಬೇಕಾಗಿ ಈಚೆಗೆ ತೆಗೆದಿದ್ದರಂತೆ. ಮಗ ಮೇಡಂಗೆ ಫೋನು ಮಾಡಿದ. ಸಂಜೆ ನಾಲ್ಕಕ್ಕೆ ಸ್ಕೂಟರಿನಲ್ಲಿ ಬಂದೇಬಿಟ್ಟರು. ಕಾರ್ಡು ಬಿಡಿಸಿ ಜೋರಾಗಿ ಓದಿದರು.

“ನಾಲೆ ಏರಿ ಕೆಳಗೆ, ಹುಣಸೆಮರದ ಎದುರು, ಬಾಗಿಲ ಪಕ್ಕ ದೀಪದ ಗೂಡು ಇರುವ ಮನೆ.”

ತಲೆಯೆತ್ತಿ ನಾಲೆ ನೋಡಿದರು, ಮರ ನೋಡಿದರು. ಆಮೇಲೆ ನಮ್ಮ ಬಾಗಿಲ ಪಕ್ಕ ನೋಡಿದರು. ನುಣ್ಣಗೆ ಪಿಸ್ತಾ ಬಣ್ಣ.

“ಮರಕ್ಕೆ ನೇರ ಎದುರಿಗೇ ನಾಲ್ಕು ಮನೆ ಇದೆ. ಗೂಡು ಎಲ್ಲಿ?”

ಯಾರು ಬಾಯಿಬಿಟ್ಟರೂ ನನ್ನ ಹೆಸರು ತಾನೇ ಬರುವುದು! ನಾನೇ ಹೇಳಿದೆ, “ನಾನೇ ಮುಚ್ಚಿಸ್ದೆ ಕಣವ್ವ. ಮಸಿ ಕಾಣ್ತಿತ್ತು, ಮರ್ವಾದೆ ಓಯ್ತದೆ ಅಂತ.”

ಯಜಮಾನರು ಹಿತ್ತಿಲಿಗೆ ಹೋದವರು ಹಾರೆ ಹಿಡಿದುಕೊಂಡು ಬಂದರು. ಸೊಸೆ ಅಡ್ಡ ನಿಂತಳು.

“ಅಯ್ಯೋ ಮಾವ, ವಸಿ ನೋಡ್ಕಂಡು! ಬಣ್ಣ ಒಣಗಿ ತಿಂಗ್ಳಾಗಿಲ್ಲ.”

“ಅತ್ಲಾಗ್ ಸರ್ಕೊ ತಾಯಿ. ಬಣ್ಣ ಇನ್ನೊಂದ್ಸಲ ಬಳ್ಕಬೋದು.”

ಎರಡು ಏಟಿಗೆ ಸಿಮೆಂಟು ಬಿರಿಯಿತು, ಮೂರನೆಯದಕ್ಕೆ ಇಟ್ಟಿಗೆ ಚೂರು ಉದುರಿತು. ಗೂಡು ಬಾಯಿಬಿಟ್ಟಿತು. ಒಳಗೆ ಎಷ್ಟೋ ವರ್ಷದ ದೀಪದ ಮಸಿ, ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಅಂಚಿನಲ್ಲಿ ಸುಣ್ಣದ ಮೇಲೆ ಸುಣ್ಣ, ಒಂದು ವರ್ಷ ನೀಲಿ, ಒಂದು ವರ್ಷ ಬಿಳಿ, ಕೆಮ್ಮಣ್ಣು, ಹೀಗೆ ಪದರ ಪದರ, ಈರುಳ್ಳಿ ಕೊಯ್ದ ಹಾಗೆ. ಮೇಡಂ ಒಳಗೆ ಬೆರಳಾಡಿಸಿದರು. ಬೆರಳು ಕಪ್ಪಾಯಿತು. ಮೂಸಿ ನೋಡಿದರು. ಅವತ್ತು ಮೊದಲ ಸಲ ನಕ್ಕರು.

“ಇದು ಮೊನ್ನೆ ಮೊನ್ನೆಯ ಮಸಿ ಅಲ್ಲ ಬಿಡಿ ಅಜ್ಜಿ.”

ಕಾರ್ಡು, ಗೂಡು, ಮರ ಎಲ್ಲದರ ಫೋಟೋ ಹೊಡೆದುಕೊಂಡರು. ಆಸ್ಪತ್ರೆಯ ರಿಜಿಸ್ಟರಿನಲ್ಲೂ ಹೀಗೇ ಬರೆದಿರುತ್ತಾರೆ, ನಾನೇ ಹೋಗಿ ತಾಳೆ ನೋಡುತ್ತೇನೆ ಎಂದು ಹೇಳಿ ಹೋದರು. ಹೇಳಿದ ಹಾಗೇ ಮಾಡಿದರು. ನಾಲ್ಕನೇ ದಿನ ಫೋನು ಬಂತು: ರಿಜಿಸ್ಟರಿನಲ್ಲೂ ಅದೇ ಹುಣಸೆಮರ, ಅದೇ ಗೂಡು. ಇಪ್ಪತ್ತಾರನೇ ಮನೆಯೂ ಪಟ್ಟಿಗೆ ಸೇರಿತು. ಆ ಮೇಡಂ ಹುಡುಗಿಯ ಮೇಲೆ ನನಗೆ ಯಾವತ್ತೂ ಕೋಪ ಬರಲಿಲ್ಲ. ಕಂಡದ್ದನ್ನು ಬರೆದಳು, ತಪ್ಪೆಂದು ಗೊತ್ತಾದ ಮೇಲೆ ತಿದ್ದಿ ಬರೆದಳು. ಅವಳ ಹೊಟ್ಟೆ ತಣ್ಣಗಿರಲಿ.

ಇನ್ನು ಆ ನರ್ಸಮ್ಮ. ಆಸ್ಪತ್ರೆಗೆ ಹೋಗಿ ಕೇಳಿದೆ. ವರ್ಗವಾಗಿ ಎಷ್ಟೋ ವರ್ಷವಾಯಿತು, ಈಗ ಎಲ್ಲಿದ್ದಾರೋ ತಿಳಿಯದು ಎಂದರು. ಅವಳಿಗೆ ಒಂದು ಲೋಟ ಮಜ್ಜಿಗೆ ಬಾಕಿ ಇದೆ. ಈಗ ಯಾರೇ ಏರಿಯ ಮೇಲೆ ಬಿಸಿಲಲ್ಲಿ ಹೋಗುತ್ತಿದ್ದರೂ ಕೂಗಿ ಕರೆದು ಕೊಡುತ್ತೇನೆ. ಅವಳಿಗೆ ಹೇಗಾದರೂ ಮುಟ್ಟಲಿ.

ಅಲ್ಲಿಂದ ಮುಂದೆ ಕಾದದ್ದು, ಓಡಾಡಿದ್ದು, ಬೆರಳೊತ್ತಿದ್ದು ಇದ್ದದ್ದೇ. ಕೊನೆಗೆ ಈ ಸೋಮವಾರ ಬನ್ನಿ ಎಂದರು. ಇಡೀ ಪಾಳ್ಯ ಹೋಯಿತು, ಇಬ್ಬಿಬ್ಬರಾಗಿ ಬೈಕಿನಲ್ಲಿ, ಉಳಿದವರು ಟ್ರ್ಯಾಕ್ಟರಿನಲ್ಲಿ. ಮಗಳು, ಅಳಿಯ, ಮೊಮ್ಮಗಳು ನಂಜನಗೂಡಿನಿಂದ ನೆಟ್ಟಗೆ ಅಲ್ಲಿಗೇ ಬಂದರು. ಇನ್ನು ಪಂಚಾಯಿತಿಯಲ್ಲಿ ಇ-ಖಾತೆ ಆಗಬೇಕಂತೆ, ಅದರಲ್ಲಿ ನಮ್ಮ ಫೋಟೋ, ಮನೆಯ ಫೋಟೋ ಎರಡೂ ಇರುತ್ತವಂತೆ. ಮೊಮ್ಮಗಳು ಆಗಲೇ ಹೇಳಿದ್ದಾಳೆ, “ಅಜ್ಜಿ, ಫೋಟೋಗೆ ಅಂತ ಮತ್ತೆ ಗೋಡೆ ಬಳ್ಸಿಬುಟ್ಟೀಯ!”

ಪತ್ರ ತಂದು ದೇವರ ಮುಂದೆ ಇಟ್ಟು ಕೈಮುಗಿದು ಈಚೆಗೆ ಬರುತ್ತೇನೆ, ಅಡುಗೆಮನೆಯಲ್ಲಿ ದಪ ದಪ ಸದ್ದು. ಕಚೇರಿಗೆ ಹಾಕಿಕೊಂಡಿದ್ದ ಬಿಳಿ ಅಂಗಿಯನ್ನೂ ಬಿಚ್ಚದೆ ಯಜಮಾನರು ನೆಲ ಅಗೆಯುತ್ತಿದ್ದಾರೆ.

“ಏನ್ರೀ ಇದು, ಅಂಗಿ ಎಲ್ಲಾ ಮಣ್ಣು!”

“ನಿಮ್ಮಪ್ಪ ಕೊಟ್ಟ ಕಲ್ಲು ಕಣಮ್ಮಿ. ಇನ್ನೆಷ್ಟು ದಿನ ಬಿಸುಲ್ನಾಗೆ ಇಡದು?” ಎಂದರು, ತಲೆಯೆತ್ತದೆ.

ಮಗ, ಅಳಿಯ ಸೇರಿ ಒರಳನ್ನು ಉರುಳಿಸಿಕೊಂಡು ಬಂದರು. ಗುಂಡಿಗೆ ಇಳಿಸಿ, ಸುತ್ತ ಸಣ್ಣ ಕಲ್ಲು ಜಡಿದು, ಮಣ್ಣು ತುಂಬಿ ತುಳಿದರು. ನಾನು ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿ ತೊಳೆದೆ. ಕಾಲಲ್ಲಿ ಒತ್ತಿ ನೋಡಿದೆ, ಅಲುಗಾಡಲಿಲ್ಲ. ಮತ್ತೆ ಒತ್ತಿದೆ, ಊಹೂಂ.

ಸೋಮವಾರ ದೇವರ ದಿನ, ನಮ್ಮ ಮನೆಯಲ್ಲಿ ಬಾಡು ಮಾಡುವುದಿಲ್ಲ. ಮಗನಿಗೆ ಅದೊಂದೇ ಕೊರಗು. “ಅಲ್ಲ ಕಣವ್ವ, ಸ್ವಾಮಾರನೇ ಕೊಡ್ಬೇಕಿತ್ತಾ? ನಾಳೆ ಕೊಟ್ಟಿದ್ರೆ ನಾಟಿಕೋಳಿ ಕುಯ್ಬೋದಿತ್ತು.”

“ನಂಜುಂಡಪ್ಪ ಕೊಡ್ಸಿದ್ದು ಕಣ್ಲಾ. ಅವನ ದಿನಾನೇ ಕೊಡ್ಸವ್ನೆ. ಬಾಯ್ಮುಚ್ಕಂಡು ಒಬ್ಬಟ್ಟು ತಿನ್ನು.”

ಸೊಸೆ ಬೇಳೆ ಬೇಯಿಸಿ ಬೆಲ್ಲ ಹಾಕಿ ಇಳಿಸಿದಳು. ಮಿಕ್ಸಿ ತೆಗೆಯಲು ಹೋದವಳನ್ನು ತಡೆದೆ. ಹೂರಣ ಒರಳಿಗೆ ಹಾಕಿ ನಾನು ಗುಂಡು ತಿರುಗಿಸಿದೆ, ನನ್ನ ಕೈ ಸೋತಾಗ ಮಗಳು, ಅವಳ ಕೈ ಸೋತಾಗ ಮೊಮ್ಮಗಳು. ಯಾರೂ ಕಾಲಲ್ಲಿ ಒತ್ತಿ ಹಿಡಿಯಬೇಕಾಗಲಿಲ್ಲ. ಹೊತ್ತು ಮುಳುಗುವಾಗ ಸೊಸೆ ತಾನಾಗಿಯೇ ಗೂಡಿನಲ್ಲಿ ದೀಪ ಹಚ್ಚಿಟ್ಟಳು. ಸುತ್ತ ಒಡೆದ ಪಿಸ್ತಾ ಬಣ್ಣ ಹಾಗೇ ಇತ್ತು. ಇರಲಿ ಬಿಡಿ ಅತ್ತೆ, ಚೆನ್ನಾಗೇ ಕಾಣುತ್ತದೆ ಎಂದಳು.

ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಒಟ್ಟಿಗೆ ಕೂತೆವು. ಯಜಮಾನರು, ಮಗ, ಸೊಸೆ, ಮಗಳು, ಅಳಿಯ, ಮೊಮ್ಮಗಳು, ನಾನು. ಬಡಿಸಲು ಯಾರೂ ನಿಲ್ಲಬಾರದು, ನಡುವೆ ಇಟ್ಟುಕೊಂಡು ತಿನ್ನೋಣ ಎಂದೆ. ಅವರೆಕಾಳು ಸಾರು, ಅನ್ನ, ಬಿಸಿ ಒಬ್ಬಟ್ಟು, ತುಪ್ಪ, ಮಗಳು ತಂದಿದ್ದ ನಂಜನಗೂಡು ರಸಬಾಳೆ. ಮಗ ಒಬ್ಬಟ್ಟು ಕಚ್ಚಿದವನು ಹಲ್ಲಿಗೆ ಕಟಕ್ಕೆಂದಿತೆಂದು ಅಗಿಯುವುದನ್ನು ನಿಲ್ಲಿಸಿದ.

“ಅವ್ವಾ, ಮರಳು ಸಿಕ್ತು ಕಣವ್ವ.”

ನಲವತ್ತು ವರ್ಷ ಈಚೆಗಿದ್ದ ಕಲ್ಲು, ಎಷ್ಟು ತೊಳೆದರೂ ಎಲ್ಲೋ ಒಂದು ಚೂರು ಉಳಿದಿರುತ್ತದೆ. ನಾನು ತಟ್ಟೆ ಬದಲಿಸಲು ಏಳಹೋದೆ. ಯಜಮಾನರು ನನ್ನ ಸೆರಗು ಹಿಡಿದು ಕೂರಿಸಿದರು.

“ನುಂಗ್ಲಾ. ನಮ್ದೇ ನೆಲದ್ದು,” ಎಂದು ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. ಮಗ ನುಂಗಿದ. ನುಂಗಿ, ಇನ್ನೊಂದು ಹಾಕವ್ವ ಎಂದು ತಟ್ಟೆ ಮುಂದಕ್ಕೆ ನೂಕಿದ.